ನೇರಳೆ ಉಂಗುರ

ಗುಬ್ಬಿ, ೨ ಜೂನ್ ೧೯೮೪, ಶನಿವಾರ

ರಂಜಾನಿನ ಮೊದಲ ರೋಜಾ. ಬೆಳಗಿನ ಸ್ಕೂಲಿನ ಪಾಠ ಮುಗಿಸಿ ನಿಟ್ಟೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆಯ ಭಾಷಣ ಶುರುವಾಯಿತು. ಇಪ್ಪತ್ತೇಳನೇ ರೋಜಾದ ದಿನ ನನ್ನ ಮಗಳು ರಹಿಮಾಗೆ ರೋಜಾ ರಖಾಯಿ ಮಾಡಬೇಕಂತೆ. ಮಗುವಿಗೆ ಏಳು ತುಂಬಿತು, ಹೊಸ ಬಟ್ಟೆ ತೊಡಿಸಿ, ಹೂವಿನ ಹಾರ ಹಾಕಿ, ಓಣಿಯವರನ್ನೆಲ್ಲ ಕರೆದು, ಸಂಜೆ ಖರ್ಜೂರ ತಿನ್ನಿಸಿ ಮೊದಲ ಉಪವಾಸ ಬಿಡಿಸಬೇಕಂತೆ.

"ಬೇಡ" ಅಂದೆ.

"ಯಾಕೆ ಬೇಡ? ಅವ್ಳ ವಯಸ್ಸಲ್ಲಿ ನಾನು ಮೂರು ರೋಜಾ ಇಟ್ಟಿದ್ದೆ."

"ನಿಮ್ಮ ಕಾಲ ಬೇರೆ."

"ಕಾಲ ಬೇರೆ, ಹೊಟ್ಟೆ ಅದೇ ಅಲ್ವೇನಮ್ಮ" ಅಂದರು. ನಮ್ಮತ್ತೆ ಮಸ್ತಾನ್ ಬೀ ಅವರ ಹತ್ತಿರ ಮಾತಿಗೆ ಮಾತು ಯಾವತ್ತೂ ರೆಡಿ ಇರುತ್ತದೆ.

ಈ ಪುಸ್ತಕವನ್ನು ಕನ್ನಡದಲ್ಲಿ ಬರೆಯುವುದಕ್ಕೆ ಒಂದೇ ಕಾರಣ. ಈ ಮನೆಯಲ್ಲಿ ಕನ್ನಡ ಓದುವುದು ನಾನೊಬ್ಬಳೇ. ನನ್ನವರು ಸರ್ದಾರ್ ಪಾಷಾ, ಟೈಲರು, ಉರ್ದು ಪೇಪರ್ ಓದುತ್ತಾರೆ, ಕನ್ನಡದಲ್ಲಿ ಬರೀ ಅಳತೆ ಬರೆದುಕೊಳ್ಳುತ್ತಾರೆ. ಅತ್ತೆಗೆ ಕುರ್‌ಆನ್ ಬಿಟ್ಟರೆ ಬೇರೆ ಅಕ್ಷರ ಬೇಡ. ಆದ್ದರಿಂದ ಇಲ್ಲಿ ಧೈರ್ಯವಾಗಿ ಬರೆಯಬಹುದು. ಬರೆಯುತ್ತೇನೆ. ಮೂರು ವರ್ಷದ ಹಿಂದೆ ನನ್ನ ಮಗ ಅಕ್ರಂಗೆ ಜ್ವರ ಬಂತು. ಅವನಿಗೆ ಆಗ ಎರಡು ವರ್ಷ. ಜ್ವರದಲ್ಲಿ ಊಟ ಕೊಟ್ಟರೆ ಜ್ವರ ಬಲಿಯುತ್ತದೆ ಎಂದು ಅತ್ತೆ ಎರಡು ದಿನ ನೀರು ಬಿಟ್ಟು ಏನೂ ಕೊಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಗು ಏಳಲಿಲ್ಲ. ಹೋದ ವರ್ಷ ರಹಿಮಾ ಕೂಡ ಒಂದು ಜ್ವರದ ಬೆಳಿಗ್ಗೆ ಹೀಗೇ ತೇಲುಗಣ್ಣು ಮೇಲುಗಣ್ಣು ಮಾಡಿದ್ದಳು, ಸಕ್ಕರೆ ನೀರು ಬಾಯಿಗೆ ಬಿಟ್ಟ ಮೇಲೆ ಎದ್ದು ಕೂತಳು. ಅದಕ್ಕೆ ಅತ್ತೆ ದೃಷ್ಟಿ ತೆಗೆದರು. ಅವರ ಪ್ರಕಾರ ಎಲ್ಲದಕ್ಕೂ ದೃಷ್ಟಿಯೇ ಕಾರಣ.

ಅತ್ತೆಗೆ ಇವತ್ತು ನೂರಕ್ಕೆ ಹನ್ನೆರಡು ಮಾರ್ಕ್ಸ್. ಆ ಹನ್ನೆರಡೂ ಇಫ್ತಾರಿಗೆ ಮಾಡಿದ ಸಮೋಸಾಕ್ಕೆ.

೭ ಜೂನ್, ಗುರುವಾರ

ರಹಿಮಾ ಎರಡು ಗಂಟೆ ನೀರು ಕುಡಿಯದೆ ಇದ್ದು ನಾಲಿಗೆ ಚಾಚಿ ತೋರಿಸಲು ಬಂದಳು. "ನೋಡಮ್ಮೀ, ಒಣಗೇ ಇಲ್ಲ. ನಂಗೆ ಆಗುತ್ತೆ." ಎದುರು ಮನೆ ಹುಡುಗಿಗೆ ಹೋದ ವರ್ಷವೇ ಹಾರ ಹಾಕಿದರಂತೆ, ಆ ಹಾರದಲ್ಲಿ ಜರಿ ಇತ್ತಂತೆ. ಬೇಡ ಅಂದಿದ್ದಕ್ಕೆ ಮೂತಿ ಊದಿಸಿಕೊಂಡು ಹೋಗಿ ದಾದಿಯ, ಅಂದರೆ ನಮ್ಮತ್ತೆಯ, ಮಡಿಲಲ್ಲಿ ಕೂತಳು. ಇಬ್ಬರೂ ನನ್ನ ಕಡೆ ಒಂದೇ ಥರ ನೋಡಿದರು. ಮೂಗು ಕೂಡ ಇಬ್ಬರದೂ ಒಂದೇ, ಏನು ಮಾಡುವುದು.

ತುಮಕೂರು, ೧೪ ಜೂನ್, ಗುರುವಾರ

ರಹಿಮಾ ಬದುಕಿದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ.

ನಿನ್ನೆ ಜ್ವರ ಬಂತು, ಎರಡು ಸಲ ವಾಂತಿ. ಓಣಿಯ ಕಾಂಪೌಂಡರು ಹೊಟ್ಟೆಗೆ ಏನೂ ಕೊಡಬೇಡಿ, ರೆಸ್ಟ್ ಸಿಗಲಿ ಅಂದ. ಅತ್ತೆ ಹೌದೆಂದು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಇವತ್ತು ನಸುಕಿನಲ್ಲಿ ಸಹರಿ ಊಟಕ್ಕೆ ಎದ್ದಾಗ ಹಣೆ ಮುಟ್ಟಿದೆ, ತಣ್ಣಗೆ ಬೆವೆತಿತ್ತು. ಕರೆದರೆ ಓಗೊಡಲಿಲ್ಲ. ಕೆನ್ನೆ ತಟ್ಟಿದರೂ ಇಲ್ಲ. ಅಕ್ರಂನನ್ನು ತಟ್ಟಿದ ಕೈ ಇದೇ. ಹಿಂದಿನ ಬೀದಿಯಿಂದ ತುಮಕೂರಿಗೆ ಹೊರಟಿದ್ದ ಕೊಬ್ಬರಿ ಲಾರಿಗೆ ನನ್ನವರು ಅಡ್ಡ ನಿಂತು ನಿಲ್ಲಿಸಿದರು. ಸದಾಶಿವನಗರದ ಡಾಕ್ಟರ್ ಅಂಜನಮೂರ್ತಿಯವರ ನರ್ಸಿಂಗ್ ಹೋಮಿಗೆ ಬರುವವರೆಗೂ ಅವಳ ಮೂಗಿನ ಹತ್ತಿರ ಬೆರಳಿಟ್ಟುಕೊಂಡೇ ಕೂತಿದ್ದೆ.

ರಕ್ತದಲ್ಲಿ ಸಕ್ಕರೆ ಇಪ್ಪತ್ತೆಂಟು ಅಂದರು. ಎಷ್ಟಿರಬೇಕು ಎಂದು ಕೇಳುವ ಧೈರ್ಯವಾಗಲಿಲ್ಲ. ನರಕ್ಕೆ ಗ್ಲೂಕೋಸ್ ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ, ಕಣ್ಣು ಬಿಟ್ಟು ಅಂದಳು: "ಅಮ್ಮೀ, ನನ್ ರೋಜಾ ಮುರೀತಾ?"

ಯಾವ ರೋಜಾ ಎಂದರೆ, ಮಂಗಳವಾರ ಕಳ್ಳ ರೋಜಾ ಇಟ್ಟಿದ್ದಳಂತೆ, ಪ್ರಾಕ್ಟೀಸಿಗೆ. ತಟ್ಟೆಯ ಅನ್ನವನ್ನೆಲ್ಲ ಕೋಳಿಗೆ ಹಾಕಿದ್ದಳಂತೆ. ಅಂದರೆ ಎರಡು ದಿನದಿಂದ ಮಗುವಿನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಕೋಳಿಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

೧೫ ಜೂನ್, ಶುಕ್ರವಾರ

ನಿನ್ನೆ ಮಧ್ಯಾಹ್ನ ನಡೆದದ್ದನ್ನು ಬರೆಯದಿದ್ದರೆ ನನಗೆ ಇವತ್ತೂ ನಿದ್ದೆ ಬರುವುದಿಲ್ಲ.

ಇಲ್ಲಿಯ ಲ್ಯಾಬ್ ಎಂದರೆ ಒಂದು ಕಿಟಕಿ, ಒಂದು ಸಿಂಕು ಮತ್ತು ಬಸವಲಿಂಗಮ್ಮ. ನನ್ನ ವಯಸ್ಸಿನವರು, ಮಾತು ಸ್ವಲ್ಪ ಜಾಸ್ತಿ. ಗ್ಲೂಕೋಸ್ ಹಾಕುವ ಮುಂಚೆ ತೆಗೆದ ರಹಿಮಾಳ ಮೂತ್ರವನ್ನು ಎರಡು ಸಲ ನೋಡಿ, ಮೂರನೇ ಸಲಕ್ಕೆ ಕೊಳವೆ ತೊಳೆಯುತ್ತಿದ್ದರು. ಏನಾಯಿತು ಎಂದು ಕೇಳಿದೆ.

"ರಿಂಗ್ ಬರ್ತಿಲ್ಲ ಮೇಡಂ. ಊಟ ಇಲ್ದಿದ್ರೆ ಮೈಯಲ್ಲಿರೋ ಕೊಬ್ಬು ಉರೀತದೆ. ಉರಿದ್ರೆ ಅಸಿಟೋನ್ ಬರ್ತದೆ, ಈ ಪುಡಿ ಹಾಕಿ ಮೇಲೆ ಅಮೋನಿಯಾ ಬಿಟ್ರೆ ನೇರಳೆ ರಿಂಗ್ ಆಯ್ತದೆ. ಎರಡ್ ದಿನ ಉಪವಾಸ ಇದ್ದ ಮಗೂಗೆ ಬಂದೇ ಬರ್ಬೇಕು. ಪುಡಿ ಕೆಟ್ಟೋಗಿದೆಯೋ ಏನೋ." ಅಷ್ಟು ಹೇಳಿ ನನ್ನ ಮುಖ ನೋಡಿದರು. "ನೀವು ರೋಜಾ ಇದೀರಾ?"

ಇದ್ದೆ. ಹಿಂದಿನ ಸಂಜೆ ಒಂದು ಖರ್ಜೂರ, ಒಂದು ಲೋಟ ನೀರಿನಲ್ಲಿ ಬಿಟ್ಟಿದ್ದೆ. ಸಹರಿ ಆಗಿರಲಿಲ್ಲ. ನಾಚಿಕೆಯಾದರೂ ಬಾಟಲಿ ತೆಗೆದುಕೊಂಡು ಹೋಗಿ ತಂದುಕೊಟ್ಟೆ.

ಕಿಟಕಿಯ ಬೆಳಕಿಗೆ ಎರಡು ಕೊಳವೆಗಳನ್ನು ಪಕ್ಕಪಕ್ಕ ಹಿಡಿದರು. ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು. ನನ್ನ ಕೊಳವೆಯಲ್ಲಿ ಮೊದಲು ಏನೂ ಇಲ್ಲ. ಆಮೇಲೆ ಮೇಲಿನ ನೀರು, ಕೆಳಗಿನ ನೀರು ಸೇರುವ ಜಾಗದಲ್ಲಿ ತೆಳ್ಳಗೆ ಒಂದು ಬಣ್ಣ ಕೂತಿತು. ನೋಡನೋಡುತ್ತಿದ್ದ ಹಾಗೇ ಗಾಢವಾಯಿತು. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ರಹಿಮಾಳ ಕೊಳವೆಯಲ್ಲಿ ಉಂಗುರವೇ ಕೂರಲಿಲ್ಲ.

ಇಪ್ಪತ್ತು ವರ್ಷದಿಂದ ರೋಜಾ ಇಡುತ್ತಿದ್ದೇನೆ. ಹಸಿವು ಗೊತ್ತು, ಬಾಯಾರಿಕೆ ಗೊತ್ತು. ಮಧ್ಯಾಹ್ನದ ಮೇಲೆ ಎಲ್ಲಿಂದಲೋ ಒಂದು ಶಕ್ತಿ ಬಂದು ಮೈ ಹಗುರಾಗುವುದೂ ಗೊತ್ತು, ಅದು ಅಲ್ಲಾಹನ ಕೃಪೆ ಎಂದುಕೊಂಡಿದ್ದೆ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಆ ಕೃಪೆಗೆ ಒಂದು ಬಣ್ಣ ಇದೆ, ಅದನ್ನು ಕಣ್ಣಾರೆ ನೋಡಬಹುದು ಎಂದು ಯಾರೂ ಹೇಳಿರಲಿಲ್ಲ. ಕೊಳವೆಗೆ ಕಣ್ಣು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಬಸವಲಿಂಗಮ್ಮ "ಪುಡಿ ಸರಿಯಾಗೇ ಅದೆ ಮೇಡಂ" ಅಂತಷ್ಟೇ ಹೇಳಿ ಕೊಳವೆ ಹಿಡಿದುಕೊಂಡು ಡಾಕ್ಟರ ಹತ್ತಿರ ಓಡಿದರು.

೧೬ ಜೂನ್, ಶನಿವಾರ

ಡಾಕ್ಟರ್ ಅಂಜನಮೂರ್ತಿ ನಿಟ್ಟೂರಿನ ಕಡೆಯವರೇ. ಪ್ರಿಸ್ಕ್ರಿಪ್ಷನ್ ಚೀಟಿಯ ಹಿಂದೆ ಚಿತ್ರ ಬರೆದು ಒಂದು ಗಂಟೆ ಪಾಠ ಮಾಡಿದರು. ಮರೆಯುವ ಮುಂಚೆ ನನ್ನ ಮಾತಿನಲ್ಲಿ ಬರೆದಿಡುತ್ತೇನೆ.

ಉಪವಾಸ ಇದ್ದಾಗ ಮೈಯಲ್ಲಿ ಕೂಡಿಟ್ಟ ಕೊಬ್ಬು ಸಣ್ಣ ಸಣ್ಣ ತುಂಡಾಗಿ ರಕ್ತಕ್ಕೆ ಬರುತ್ತದೆ. ಆ ತುಂಡುಗಳಿಗೆ ಕೊಬ್ಬಿನಾಮ್ಲ ಎಂದು ಹೆಸರು. ಅವು ಜೀವಕೋಶದ ಬಾಗಿಲಿಗೆ ಹೋಗುತ್ತವೆ. ಜೀವಕೋಶಕ್ಕೆ ಒಂದು ಪೊರೆ. ಅದನ್ನು ದಾಟಿ ಒಳಗೆ ಹೋದರೆ ಉರಿಸುವ ಒಲೆಗಳಿವೆ, ಒಂದೊಂದು ಕೋಶದಲ್ಲಿ ನೂರಾರು. ಆ ಒಲೆಗೆ ಮತ್ತೆ ಎರಡು ಪೊರೆ. ಕೊನೆಯ ಪೊರೆಯನ್ನು ಉದ್ದನೆಯ ಕೊಬ್ಬಿನಾಮ್ಲ ತಾನಾಗಿ ದಾಟಲಾರದು. ಕಾರ್ನಿಟಿನ್ ಎನ್ನುವ ಇನ್ನೊಂದು ಪುಟ್ಟ ವಸ್ತು ಬಂದು ಅದನ್ನು ಅಂಟಿಸಿಕೊಂಡು ಒಳಗೆ ಬಿಟ್ಟು, ವಾಪಸ್ ಬಂದು ಮುಂದಿನದನ್ನು ಕರೆದುಕೊಂಡು ಹೋಗುತ್ತದೆ. ಒಂದೊಂದು ಉಸಿರಿಗೂ ಎಷ್ಟು ಸಲ ಹೋಗಿಬರುತ್ತದೋ ಲೆಕ್ಕವೇ ಇಲ್ಲವಂತೆ.

"ಪೊರೆ ಯಾವುದರದು ಸರ್?" ಎಂದೆ.

"ಅದೂ ಕೊಬ್ಬಿಂದೇ ಕಣಮ್ಮ, ಅದೇ ತಮಾಷೆ. ಕೊಬ್ಬಿನ ಗೋಡೆ ಕೊಬ್ಬನ್ನೇ ತಡೀತದೆ. ಹೊರಗಿನ ಗೋಡೆ ಇದ್ಯಲ್ಲ, ಅದನ್ನ ಕೊಬ್ಬು ತಾನಾಗೇ ನುಸುಳ್ಕೊಂಡು ಹೋಗ್ತದಾ, ಯಾರಾದ್ರೂ ಕೈಹಿಡ್ಕೊಂಡು ಕರ್ಕೊಂಡು ಹೋಗ್ತಾರಾ ಅಂತ ದೊಡ್ಡ ದೊಡ್ಡೋರೇ ಇನ್ನೂ ಜಗಳ ಆಡ್ತಾವ್ರೆ."

ರಹಿಮಾಳಲ್ಲಿ ಈ ದಾರಿಯ ಯಾವುದೋ ಒಂದು ಕಡೆ ದಾಟಿಸುವವರು ಇಲ್ಲ, ಇಲ್ಲವೇ ಕಡಿಮೆ. ಎಲ್ಲಿ ಎಂದು ಇಲ್ಲಿ ಹೇಳಲಾಗುವುದಿಲ್ಲವಂತೆ. ಬೆಂಗಳೂರಿನ ಸ್ನೇಹಿತರಿಗೆ ಕಾಗದ ಬರೆಯುತ್ತಾರಂತೆ. ಊಟ ಇರುವ ತನಕ ಅವಳು ಎಲ್ಲರ ಹಾಗೆಯೇ. ಊಟ ನಿಂತರೆ ಇರುವ ಸಕ್ಕರೆ ಮುಗಿಯುತ್ತದೆ, ಕೊಬ್ಬು ಬಾಗಿಲಾಚೆಯೇ ನಿಲ್ಲುತ್ತದೆ, ಮಿದುಳಿಗೆ ಏನೂ ಸಿಗುವುದಿಲ್ಲ. ಆಗ ಮಗು ನಿದ್ದೆ ಹೋದ ಹಾಗೆ ಹೋಗಿಬಿಡುತ್ತದೆ.

ಅಕ್ರಂ ಬಗ್ಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಇರಬಹುದಮ್ಮ" ಅಂದರು. "ಇಂಥದ್ದೊಂದು ಕಾಯಿಲೆ ಇದೆ ಅಂತ ಪ್ರಪಂಚಕ್ಕೆ ಗೊತ್ತಾಗಿಯೇ ಹತ್ತು ವರ್ಷ ಆಗಿದೆ. ಯಾರ್ನೂ ಬೈಕೋಬೇಡಿ."

ಯಾರನ್ನೂ ಎಂದರೆ ಅತ್ತೆಯನ್ನು ಎಂದರ್ಥ. ಅಕ್ರಂಗೆ ಎರಡನೇ ದಿನ ಬೆಳಿಗ್ಗೆ ಅತ್ತೆ ಗಂಜಿ ಗಿಂಜಿ ಏನೋ ಮಾಡಿದ್ದರು ಅಂತ ಕಾಣುತ್ತದೆ. ಸರಿಯಾಗಿ ನೆನಪಿಲ್ಲ.

ಗುಬ್ಬಿ, ೨೦ ಜೂನ್, ಬುಧವಾರ

ಮನೆಗೆ ಬಂದೆವು. ಡಾಕ್ಟರ ಅಪ್ಪಣೆ: ಹಗಲು ಮೂರು ಗಂಟೆಗೊಮ್ಮೆ ಏನಾದರೂ ತಿನ್ನಬೇಕು, ರಾತ್ರಿ ಮಲಗುವಾಗ ರಾಗಿ ಗಂಜಿ, ನಡುವೆ ಒಂದು ಸಲ ಎಬ್ಬಿಸಿ ಕೊಡಬೇಕು. ಜ್ವರ ಬಂದರೆ ಗಂಟೆಗೊಮ್ಮೆ ಸಿಹಿ. ವಾಂತಿಯಾಗಿ ಏನೂ ನಿಲ್ಲದಿದ್ದರೆ ತಕ್ಷಣ ತುಮಕೂರಿಗೆ. ತುಪ್ಪ, ಎಣ್ಣೆ ಕಡಿಮೆ.

ತುಪ್ಪದ ಮಾತಿಗೆ ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. ಮಗು ಸೊರಗಿದೆ ಎಂದು ಮೂಳೆ ಸೂಪು ಇಟ್ಟುಕೊಂಡು ಕಾಯುತ್ತಿದ್ದರು, ಮೇಲೆ ಒಂದು ಬೆರಳು ಕೊಬ್ಬು ತೇಲುತ್ತಿತ್ತು. "ತುಪ್ಪ ತಿಂದ್ರೆ ಶಕ್ತಿ ಬರಲ್ಲ ಅಂತಾನಾ ಆ ಡಾಕ್ಟ್ರು? ಅವ್ನ ತಾಯಿ ಅವ್ನಿಗೆ ಏನು ಕೊಟ್ಟು ಬೆಳೆಸಿದ್ಳಂತೆ?"

ಕೂರಿಸಿಕೊಂಡು ಹೇಳಿದೆ. ಪೊರೆ, ಕೋಶ ಎಂದರೆ ತಿಳಿಯದು. ಆದ್ದರಿಂದ ನಡುಮನೆಯ ಬಾಗಿಲಿನ ಪರದೆ ತೋರಿಸಿದೆ. ಹೊರಗಿನ ಗಂಡಸು ಬಂದರೆ ಎಲ್ಲಿಯವರೆಗೆ ಬರುತ್ತಾನೆ ಎಂದು ಕೇಳಿದೆ.

"ಪರದೆ ತನಕ."

"ಒಳಗೆ ಬರಬೇಕಾದರೆ?"

"ಮನೆಯೋರು ಯಾರಾದ್ರೂ ಹೋಗಿ ಕರ್ಕೊಂಡು ಬರ್ಬೇಕು."

"ರಹಿಮಾಳ ಮೈಯಲ್ಲಿ ಹಾಗೆ ಕರ್ಕೊಂಡು ಬರೋರು ಇಲ್ಲ. ತುಪ್ಪ ಎಷ್ಟು ಬಂದರೂ ಪರದೆ ಆಚೆಯೇ."

ಅತ್ತೆ ಪರದೆಯನ್ನು ಬಹಳ ಹೊತ್ತು ನೋಡಿದರು. "ಈ ಸೂಪಲ್ಲಿರೋ ಕೊಬ್ಬೆಲ್ಲ ನೀನು ಹೇಳೋ ಹಂಗೆ ಪಾಪ ಹೊರಗೇ ಕೂತಿರ್ತದಾ?" ಅಂದರು. ಎದ್ದು ಹೋಗಿ ಸೂಪಿನ ಮೇಲಿನ ಕೊಬ್ಬನ್ನು ಸೌಟಿನಿಂದ ತೆಗೆದು ತೆಗೆದು ಚೆಲ್ಲಿದರು. ಆಮೇಲೆ ನನ್ನ ಬೆನ್ನ ಹಿಂದೆ ನಿಂತು ಕೇಳಿದರು: "ಇದನ್ನೆಲ್ಲ ಅಷ್ಟು ಚಿಕ್ಕದ್ರಲ್ಲಿ ಕಟ್ಟಿಟ್ಟವ್ನು ಎಂಥವ್ನು ಇರ್ಬೇಕು ತಾಜೂ."

ಅದೇ ಮಾತನ್ನು ನಾನೂ ನಾಲ್ಕು ದಿನದಿಂದ ಅಂದುಕೊಳ್ಳುತ್ತಿದ್ದೆ.

೨೮ ಜೂನ್, ಗುರುವಾರ

ಇಪ್ಪತ್ತೇಳನೇ ರೋಜಾ. ಮಸೀದಿಯ ಗುರುಗಳಾದ ಹಜರತ್ ಹತ್ತಿರ ಅತ್ತೆ ತಾವೇ ಕೇಳಿಸಿದರಂತೆ. ಮಕ್ಕಳಿಗೆ ರೋಜಾ ಕಡ್ಡಾಯವೇ ಅಲ್ಲ, ಅದರಲ್ಲೂ ಕಾಯಿಲೆಯ ಮಗು, ಉಪವಾಸದ ಹೆಸರೂ ಎತ್ತಬೇಡಿ ಎಂದರಂತೆ. ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಸ್ಕೂಲಿಗೆ ಹೋದೆ.

ಸಂಜೆ ಬಂದರೆ ಮನೆ ತುಂಬ ಓಣಿಯ ಹೆಂಗಸರು. ರಹಿಮಾ ಹಸಿರು ಸ್ಯಾಟಿನ್ ಬಟ್ಟೆಯಲ್ಲಿ, ಕುತ್ತಿಗೆಗೆ ಮಲ್ಲಿಗೆ ಹಾರ, ಜರಿಯೂ ಇದೆ. ಹಾರ ತೆಗೆಯಲು ನುಗ್ಗಿದೆ. ಅತ್ತೆ ಕೈಯೆತ್ತಿ ನನ್ನನ್ನು ತಡೆದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಏಳು ಗಂಟೆಗೆ ಇಡ್ಲಿ, ಹತ್ತಕ್ಕೆ ಬಾಳೆಹಣ್ಣು, ಒಂದಕ್ಕೆ ಅನ್ನ, ನಾಲ್ಕಕ್ಕೆ ಬೆಲ್ಲದ ಪಾನಕ. ಹಟ ಮಾಡ್ದೆ ಎಲ್ಲಾ ತಿಂದವ್ಳೆ. ನಮ್ಗೆ ತಿನ್ದೆ ಇರೋದು ರೋಜಾ, ನನ್ ಮೊಮ್ಮಗಳಿಗೆ ತಿನ್ನೋದೇ ರೋಜಾ."

ಎದುರು ಮನೆಯ ಹುಡುಗಿ ಇದು ಮೋಸ ಎಂದಳು. ಅತ್ತೆ ಅವಳ ಬಾಯಿಗೂ ಒಂದು ಖರ್ಜೂರ ತುರುಕಿದರು. ನಾನು ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡೆ.

೧ ಜುಲೈ, ಭಾನುವಾರ

ಈದ್. ಹಾಲು ಶಾವಿಗೆಯ ಸುರ್ಕುಂಬಾ ಸಿಹಿ ಜಾಸ್ತಿಯಾಗಿತ್ತು. ರಹಿಮಾ ಎರಡು ಬಟ್ಟಲು ಕುಡಿದಳು.

೧೬ ಜುಲೈ, ಸೋಮವಾರ

ಇವತ್ತು ಏಳನೇ ತರಗತಿಗೆ ಜೀವಕೋಶದ ಪಾಠ. ಹನ್ನೊಂದು ವರ್ಷದಿಂದ ಬೋರ್ಡಿನ ಮೇಲೆ ಒಂದು ದುಂಡು ಗೆರೆ ಎಳೆದು, ನಡುವೆ ಚುಕ್ಕೆ ಇಟ್ಟು, "ಇದು ಕೋಶಪೊರೆ, ಬರ್ಕೊಳ್ಳಿ" ಎಂದು ಮುಂದಕ್ಕೆ ಹೋಗುತ್ತಿದ್ದೆ. ಇವತ್ತು ಗೆರೆ ಎಳೆಯುವಾಗ ಕೈ ನಿಂತಿತು. ಕೊಬ್ಬು ಈ ಗೆರೆಯ ಒಳಗೆ ಹೋಗಲಾರದೆ ನನ್ನ ಒಂದು ಮಗು ಹೋಯಿತು. ಇನ್ನೊಂದು ಇದರ ಹೊಸ್ತಿಲಿನಿಂದ ವಾಪಸ್ ಬಂತು. ನಿಟ್ಟೂರಿನ ನಲವತ್ತು ಮಕ್ಕಳಲ್ಲಿ ಒಬ್ಬೊಬ್ಬರ ಮೈಯಲ್ಲೂ ಕೋಟಿ ಕೋಟಿ ಇಂಥ ಗೆರೆಗಳಿವೆ. ಅವರು ಪಿಸುಗುಡುತ್ತ, ಒಬ್ಬರನ್ನೊಬ್ಬರು ಜಿಗುಟುತ್ತ ಕೂತಿರುವಾಗಲೂ ಪ್ರತಿಯೊಂದು ಗೆರೆಯಲ್ಲೂ ದಾಟಿಸುವ ಕೆಲಸ ಸದ್ದಿಲ್ಲದೆ ನಡೆಯುತ್ತಿದೆ. ಎಲ್ಲಿಯೂ ನಿಲ್ಲದೆ ನಡೆಯುವುದೇ ಆಶ್ಚರ್ಯ. ನಾವು ತಪ್ಪಿದ್ದನ್ನು ಕಂಡು ಅಳುತ್ತೇವೆ, ನಡೆಯುವುದನ್ನು ಕಂಡು ಬೆರಗಾಗುವುದಿಲ್ಲ. ಹೆಡ್‌ಮಾಸ್ಟರ್ ಮುದ್ದಯ್ಯನವರು ಬಾಗಿಲಲ್ಲಿ ನಿಂತು "ಏನ್ ಟೀಚರ್, ಬೋರ್ಡ್ ನೋಡ್ಕೊಂಡು ನಿಂತ್ಬಿಟ್ರಿ?" ಎಂದರು. ಬೆಲ್ ಹೊಡೆದಿತ್ತು.

ಅಕ್ರಂಗೆ ಮಾಡಿದ ಆ ಗಂಜಿ ರಾಗಿಯದು. ಕಂಚಿನ ಬಟ್ಟಲು, ಬೆಲ್ಲ ಹಾಕಿದ್ದರು. ಮಗು ಬಾಯಿ ತೆರೆದಿತ್ತು. ನಾಲ್ಕು ಅಕ್ಷರ ಕಲಿತವಳು ನಾನು, ವಾಂತಿಯಾದ ಮಗುವಿಗೆ ಏನೂ ಕೊಡಬಾರದು ಎಂದು ಹೈಜೀನ್ ಪುಸ್ತಕದಲ್ಲಿ ಇದೆ ಎಂದು ಕೂಗಾಡಿ, ಅತ್ತೆಯ ಕೈಯಿಂದ ಬಟ್ಟಲು ಕಿತ್ತುಕೊಂಡು ಚರಂಡಿಗೆ ಚೆಲ್ಲಿದೆ.

ಇಷ್ಟೇ ಬರೆಯಲು ಆಗುವುದು.

೪ ಆಗಸ್ಟ್, ಶನಿವಾರ

ಬೆಂಗಳೂರಿನಿಂದ ಡಾಕ್ಟರಿಗೆ ಉತ್ತರ ಬಂದಿದೆ. ಹೆಸರು ಖಚಿತವಾಗಿ ಹೇಳಲು ಇನ್ನೂ ಪರೀಕ್ಷೆ ಬೇಕು, ಊಟದ ಕ್ರಮ ತಪ್ಪಿಸಬೇಡಿ, ದೊಡ್ಡವಳಾದ ಹಾಗೆ ಹಸಿವು ತಡೆಯುವ ಶಕ್ತಿ ಸ್ವಲ್ಪ ಹೆಚ್ಚಬಹುದು ಎಂದು ಬರೆದಿದ್ದಾರೆ. ಹೆಚ್ಚಬಹುದು ಎನ್ನುವ ಒಂದು ಪದವನ್ನು ಕುಣಿಗಲ್ಲಿಗೆ, ನನ್ನ ತಾಯಿಗೂ ಬರೆದು ಹಾಕಿದೆ.

೨೩ ಆಗಸ್ಟ್, ಗುರುವಾರ

ಇವತ್ತು ಬೆಳಗಾಗುವಾಗ ರಹಿಮಾಗೆ ಜ್ವರ. ಮೈ ಕೆಂಡ. ಎಂಟು ಗಂಟೆಗೆ ಕುಡಿಸಿದ್ದೆಲ್ಲ ವಾಂತಿಯಾಯಿತು. ಇವರು ತುಮಕೂರಿಗೆ ಹೋಗಲು ಗಾಡಿ ಹುಡುಕಲು ಓಡಿದರು. ನಾನು ಚಮಚದ ಮೇಲೆ ಚಮಚ ಮಗುವಿನ ಬಾಯಿಗೆ ತುರುಕುತ್ತಿದ್ದೆ.

ಅಮ್ಮ ಚಮಚ ತೆಗೆದುಕೊಂಡರು. ಅತ್ತೆ ಎಂದು ಬರೆಯಲು ಇವತ್ತು ಮನಸ್ಸು ಬರುತ್ತಿಲ್ಲ. "ನೀನು ಗಡಿಯಾರ ನೋಡು, ಸಾಕು" ಅಂದರು. ಸಕ್ಕರೆ ನೀರಿಗೆ ಬೆರಳಿನ ತುದಿ ಅದ್ದಿ ಅವಳ ನಾಲಿಗೆಗೆ ಒಂದು ಹನಿ. ನಾನು ನಿಮಿಷ ಎಣಿಸಿ ಹೇಳಿದೆ. ಇನ್ನೊಂದು ಹನಿ. ಹೊಟ್ಟೆ ದಬ್ಬಲಿಲ್ಲ. ಹತ್ತು ಹನಿಯಾದ ಮೇಲೆ ಅರ್ಧ ಚಮಚ. ಗಾಡಿ ಬಂದು ಬಾಗಿಲಲ್ಲಿ ನಿಂತಿತು, ಹತ್ತಿಸಿದೆವು, ದಾರಿಯುದ್ದಕ್ಕೂ ಅಮ್ಮನ ಬೆರಳು ನಿಲ್ಲಲಿಲ್ಲ. ಗುಂಡಿಗೆ ಹಾರಿದಾಗ ಅರ್ಧ ಸೆರಗಿನ ಮೇಲೆ, ಅರ್ಧ ಬಾಯಿಗೆ. ಮಗು ಕಣ್ಣು ಮುಚ್ಚಲು ಬಿಡದೆ ಅವಳ ಹತ್ತಿರ ಕೋಳಿಗಳ ಹೆಸರು ಒಂದೊಂದಾಗಿ ಹೇಳಿಸಿದರು.

ಡಾಕ್ಟರು ಸಕ್ಕರೆ ನೋಡಿ ಅರವತ್ತೆಂಟು ಅಂದರು. ಈ ಸಲ ಎಷ್ಟಿರಬೇಕು ಎಂದು ಕೇಳಿದೆ. "ಇಷ್ಟಿದ್ರೆ ಹೆದರ್ಬೇಕಾಗಿಲ್ಲ. ನೀವೇ ಕಾಪಾಡ್ಕೊಂಡು ಬಂದಿದೀರಲ್ಲಮ್ಮ" ಎಂದರು. ಡ್ರಿಪ್ ಹಾಕಿದರು. ಮೂರು ಗಂಟೆಗೆ ಜ್ವರ ಇಳಿದು ರಹಿಮಾ ಇಡ್ಲಿ ಕೇಳಿದಳು.

ಇವರು ಇಡ್ಲಿ ತರಲು ಹೋದರು. ವಾರ್ಡಿನಲ್ಲಿ ನಾವು ಮೂವರೇ. ಅಮ್ಮನ ಬೆರಳ ತುದಿ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿತ್ತು. ಆ ಬೆರಳು ಹಿಡಿದುಕೊಂಡೆ. ಹೇಳಬೇಕೆಂದು ಯೋಚಿಸಿರಲಿಲ್ಲ, ಬಾಯಿಂದ ತಾನಾಗಿ ಬಂತು.

"ಅಮ್ಮಾ, ಅಕ್ರಂಗೆ ನೀವು ಗಂಜಿ ಕೊಡೋಕೆ ಬಂದಿದ್ರಿ. ಕಿತ್ತು ಚೆಲ್ಲಿದ್ದು ನಾನು."

ಅವರು ರಹಿಮಾಳ ಹೊದಿಕೆ ಸರಿಮಾಡಿದರು.

"ಗೊತ್ತು ಕಣಮ್ಮ. ಬಟ್ಟಲು ಹಿಡ್ಕೊಂಡಿದ್ದೋಳು ನಾನೇ ಅಲ್ವಾ."

"ಊರಿಗೆಲ್ಲ ನಿಮ್ಮದೇ ತಪ್ಪು ಅಂದೆನಲ್ಲ ನಾನು. ಮೂರು ವರ್ಷ. ಒಂದು ಸಲನಾದ್ರೂ ಬಾಯಿ ಬಿಡಬಾರದಿತ್ತಾ?"

"ಮಗನ್ನ ಮಣ್ಣಿಗೆ ಕೊಟ್ಟೋಳು ನೀನು. ಯಾರ್ನಾದ್ರೂ ಬೈಲೇಬೇಕಿತ್ತು, ಇಲ್ಲಾಂದ್ರೆ ಬದುಕ್ತಿರ್ಲಿಲ್ಲ" ಅಂದರು ಅಮ್ಮ. "ನನ್ನೇ ಬೈಲಿ ಅಂತ ಸುಮ್ನಿದ್ದೆ."

ಇಡ್ಲಿ ಬಂತು. ರಹಿಮಾ ಎರಡು ತಿಂದಳು, ಒಂದನ್ನು ತನ್ನ ದಾದಿಗೆ ಕೊಟ್ಟಳು.